ಕಮ್ಮಿ ಬರಲಿ

ನರ ಬೆರಳಿಗೆ ಸಿಕ್ಕಿ ಜಾರಿತು, ಮತ್ತೆ ಸಿಕ್ಕಿತು, ಚರ್ಮದಡಿಯಲ್ಲಿ ನೆನೆದ ದಾರದ ಹಾಗೆ, ಮುಷ್ಟಿ ಹಿಡೀರಮ್ಮಾ, ಗಟ್ಟಿಯಾಗಿ, ಎಂದಳು ಮಾಸ್ಕಿನೊಳಗಿಂದ, ಬೆಳಗಿನಿಂದ ಈ ಕುರ್ಚಿಯಲ್ಲಿ ಕೂತ ಹೆಂಗಸರಿಗೆಲ್ಲ ಹೇಳಿದ ಅದೇ ದನಿಯಲ್ಲಿ, ಸೂಜಿಯ ಮುಂದೆ ಕೂತವರೆಲ್ಲ ಅಮ್ಮಂದಿರೇ, ಆದರೆ ಈ ಕೈ ಹೆತ್ತಮ್ಮನದು, ಲೆಕ್ಕದ ಟೀಚರ ಕೈ, ಇದರಿಂದ ಬೆನ್ನಿಗೆ ಬಿದ್ದ ಗುದ್ದುಗಳು ಯಾವ ಮಗ್ಗಿಗೂ ಸಿಗುವಂಥವಲ್ಲ — ನಾನು ರಕ್ತ ತೆಗೀತೀನಿ ಬಿಡೇ, ಸ್ವಂತದವರಿಗೆ ಚುಚ್ಚೋಕೆ ಕೈ ನಡುಗತ್ತೆ, ಎಂದಿದ್ದಳು ಪಕ್ಕದ ಟೇಬಲಿನವಳು, ನಡುಗಲಿಲ್ಲ, ಕೈಗೇನು ಗೊತ್ತು, ಅದಕ್ಕೆ ಗೊತ್ತಿರುವುದು ನರ ಅಷ್ಟೇ, ಸೂಜಿ ಒಳಗೆ ಹೋಯಿತು, ಅಮ್ಮ ಹುಬ್ಬು ಕೂಡ ಗಂಟಿಕ್ಕಲಿಲ್ಲ, ಕೆಂಪು ಮುಚ್ಚಳದ ಟ್ಯೂಬಿಗೆ ರಕ್ತ ಚಿಮ್ಮಿತು, ಇದರಲ್ಲಿ ಕಬ್ಬಿಣ ನೋಡುತ್ತಾರೆ, ಕ್ಯಾಲ್ಸಿಯಂ, ಡಿ ವಿಟಮಿನ್ನು, ಅವೆಲ್ಲ ಹಾಳಾಗಿ ಹೋಗಲಿ, ಬೇಕಾದದ್ದು ಬಿ ಟ್ವೆಲ್ವ್ ಒಂದೇ, ಅದು ಕಮ್ಮಿ ಬರಬೇಕು, ಪಾತಾಳಕ್ಕೆ ಇಳಿದಿರಬೇಕು, ಊರೆಲ್ಲ ಜಾಸ್ತಿ ಬರಲಿ ಎಂದು ಬೇಡಿಕೊಂಡರೆ ನಮ್ಮ ಮನೆಯದು ಉಲ್ಟಾ, ಅದು ಕಮ್ಮಿಯಾದ್ರೂ ಮರೆವು ಬರತ್ತೆ ನೋಡಿ, ಎಂದಿದ್ದರು ಡಾಕ್ಟರು, ಹಾಗಿದ್ರೆ ಇಂಜೆಕ್ಷನ್ ಕೊಟ್ಟು ಸರಿ ಮಾಡಬಹುದು, ಸರಿಯಾಗೇ ಬಂತು ಅಂದ್ರೆ — ಎಂದವರು ಕಿಸೆಯಲ್ಲೇ ಇದ್ದ ಪೆನ್ನನ್ನು ಮೇಜಿನ ಮೇಲೆಲ್ಲ ಹುಡುಕಿದ್ದರು. ಆಮೇಲೆ ಅಣ್ಣ ಮೆಟ್ಟಿಲಿಳಿಯುತ್ತ, ಕಮ್ಮಿ ಬರ್ಲಿ ಕಣೇ, ಕಮ್ಮೀನೇ ಬರತ್ತೆ ಬಿಡು, ಅವಳು ಹೊಟ್ಟೆಗೆ ಏನು ತಿಂತಾಳೆ ಅಂತ, ಎಂದ, ಅಮ್ಮ ಹಳೆಯ ಶಾಲೆಗೆ ಹೋಗಿಬಿಟ್ಟ ದಿನ ಅವನೂ ಬಂದಿದ್ದ, ಇಬ್ಬರೂ ಹೋಗಿ ಕರೆತಂದಿದ್ದರು, ನಿವೃತ್ತಳಾಗಿ ಎಷ್ಟೋ ವರ್ಷವಾದ ಅಮ್ಮ ತನ್ನ ಹಳೆಯ ತರಗತಿಯಲ್ಲಿ ಬೋರ್ಡಿನ ಮುಂದೆ ನಿಂತು ಬೇರೆಯವರ ಮಕ್ಕಳಿಗೆ ಭಾಗಾಕಾರ ಹೇಳಿಕೊಡುತ್ತಿದ್ದಳು, ಲೆಕ್ಕ ತಪ್ಪಿರಲಿಲ್ಲ, ಆ ತರಗತಿಯ ಟೀಚರು ಪಾಪ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದರು.

ಟ್ಯೂಬು ತುಂಬುತ್ತಿದೆ, ರಬ್ಬರ್ ಪಟ್ಟಿ ಸಡಿಲಿಸಿದಳು, ಮುಷ್ಟಿ ಬಿಡೀಮ್ಮಾ, ಅಮ್ಮ ಬಿಡಲಿಲ್ಲ, ಎಲ್ಲರೂ ಹೀಗೇ, ಹಿಡಿ ಎಂದರೆ ಹಿಡಿಯುತ್ತಾರೆ, ಬಿಡು ಎಂದರೆ ಕೇಳಿಸುವುದಿಲ್ಲ, ಸೂಜಿ ತೆಗೆದು ಹತ್ತಿ ಒತ್ತಿದಳು, ಆಗ ಅಮ್ಮ ಮುಂದೆ ಬಾಗಿ, ಪಿಸುದನಿಯಲ್ಲಿ, ಈ ಸಲ ಎಲ್ಲ ಚೆನ್ನಾಗೇ ಬರತ್ತೆ ನೋಡಮ್ಮಾ, ಅಲ್ಲ, ಪರೀಕ್ಷೆ ಅಂದ್ಮೇಲೆ ತಯಾರಿ ಇಲ್ದೆ ಬರೋಕಾಗತ್ತಾ, ಮಗನ ರೂಮಲ್ಲಿ ಕೆಂಪು ಶಕ್ತಿ ಮಾತ್ರೆ ಇತ್ತು, ದಿನಾ ಎರಡೆರಡು ನುಂಗಿದೀನಿ — ಅಯ್ಯೋ, ನುಂಗಿದಳೇ, ಟೆಸ್ಟಿಗೆ ಮುಂಚೆ ಅಂಥ ಒಂದು ವಿಟಮಿನ್ ಮಾತ್ರೆಯನ್ನೂ ಮುಟ್ಟಿಸಬೇಡಿ ಎಂದು ಡಾಕ್ಟರು ಬಾಯಿಬಿಟ್ಟು ಹೇಳಿದ್ದರು, ಇನ್ನು ಬಿ ಟ್ವೆಲ್ವ್ ಆಕಾಶಕ್ಕೇರಿರುತ್ತದೆ, ಏರಿದ್ದು ಅಮ್ಮನದೋ ಮಾತ್ರೆಯದೋ ಯಾವ ಯಂತ್ರ ಹೇಳೀತು, ಮಾತ್ರೆ ನಿಲ್ಲಿಸಿ ಕಾಯಬೇಕು, ಮತ್ತೆ ಚುಚ್ಚಬೇಕು, ಅಣ್ಣನಿಗೆ ಬುದ್ಧಿ ಬೇಡವೇ ಎಲ್ಲೆಂದರಲ್ಲಿ ಬಿಸಾಡಲು, ಆದರೂ ಒಳಗೆಲ್ಲೋ ನಗು ಉಕ್ಕಿತು, ಮಾಸ್ಕು ಇದ್ದದ್ದು ಒಳ್ಳೆಯದಾಯಿತು, ಜನ್ಮದಲ್ಲಿ ಫೇಲಾಗದವಳು ರಕ್ತದಲ್ಲಾದರೂ ಆಗುತ್ತಾಳೆಯೇ, ಪರೀಕ್ಷೆಗೆ ಇಷ್ಟು ಹಟದಿಂದ ತಯಾರಾಗುವ ತಲೆಯಲ್ಲಿ ದೊಡ್ಡ ಕಾಯಿಲೆ ಇರಲಾರದು, ಇರಲಾರದು, ಏನಮ್ಮಾ ನೀನು ಎಂದು ಗದರಲು ಬಾಯಿ ತೆರೆದಳು, ಅಷ್ಟರಲ್ಲಿ ಅಮ್ಮ, ನನ್ ಮಗಳಿಗೆ ಮಾತ್ರ ಹೇಳ್ಬೇಡಮ್ಮಾ, ಅವಳೂ ಇಂಥದ್ದೇ ಕೆಲಸದಲ್ಲಿರೋದು, ಮೂಗಿನ ತುದೀಲೇ ಕೋಪ ಅವಳಿಗೆ, ಎಂದಳು.

ಮಾಸ್ಕು, ಮಾಸ್ಕಿನಿಂದಾಗಿ, ತಲೆಗೆ ಟೋಪಿ ಬೇರೆ, ಕಣ್ಣೆರಡು ಬಿಟ್ಟರೆ ಇನ್ನೇನು ಕಾಣುತ್ತದೆ, ಮೇಲಿನ ದೀಪ ನೇರ ಅಮ್ಮನ ಮುಖಕ್ಕೇ ಹೊಡೆಯುತ್ತಿದೆ, ಬೆಳಿಗ್ಗೆ ಅಮ್ಮ ಏಳುವ ಮೊದಲೇ ತಾನು ಮನೆ ಬಿಟ್ಟದ್ದು, ಇಲ್ಲಿಗೆ ಕರೆತಂದವನು ಅಣ್ಣ, ಚುಚ್ಚುವವಳು ನಿನ್ನ ಮಗಳೇ ಎಂದು ಅವನು ಹೇಳಿರಲಿಕ್ಕಿಲ್ಲ, ಹೇಳುವ ಅಗತ್ಯವಾದರೂ ಏನು, ದನಿ, ದನಿಯೂ ಬಟ್ಟೆಯೊಳಗೆ ಬೇರೆಯಾಗುತ್ತದೆ, ಆಗುತ್ತದಲ್ಲವೇ, ಕೈ ತಾನಾಗಿಯೇ ಕಿವಿಯ ಹಿಂದಿನ ದಾರಕ್ಕೆ ಹೋಯಿತು, ಎಳೆದರೆ ಮುಗಿಯಿತು, ಇದಕ್ಕೆ ಟ್ಯೂಬು ಬೇಡ, ಯಂತ್ರ ಬೇಡ, ನಾಳೆಯವರೆಗೆ ಕಾಯುವುದೂ ಬೇಡ, ಅಮ್ಮ ಮುಖ ನೋಡುತ್ತಾಳೆ, ನೋಡಿ ಬೈಯುತ್ತಾಳೆ, ಇಲ್ಲವೇ ನಗುತ್ತಾಳೆ, ಹೊರಗಿನವರಿಗೆ ನಗುವ ಹಾಗೆ — ಬೆರಳು ದಾರದ ಮೇಲೇ ನಿಂತಿತು, ಎಳೆಯಲಿಲ್ಲ, ಮುಷ್ಟಿ ಬಿಡೀಮ್ಮಾ, ಎಂದಳು, ಮುಗೀತು, ಬಿಡಿ, ಕುರ್ಚಿಯ ತೋಳಿನ ಮೇಲೆ ಆ ಮುಷ್ಟಿ, ಗೆಣ್ಣುಗಳು ಬೆಳ್ಳಗೆ, ಹೆಬ್ಬೆರಳು ಒಳಗೆ, ಮುಷ್ಟಿ, ಬಿಗಿಯಾಗಿ, ಇನ್ನೂ