ಎರಡು ಪೊಟ್ಟಣ

ಕಾರಮಡೈಯಲ್ಲಿ ಬಾಳೆಕಾಯಿ ವ್ಯಾಪಾರ ಮಾಡುವ ರಾಮಾತಾಳ್‌ಳ ಫೋನಿಗೆ ಪೇಮೆಂಟ್ ಕಂಪನಿಯ ಹೆಸರಲ್ಲಿ ಒಂದು ಮೇಲ್ ಬಂತು. ಗಂಟೆಯೊಳಗೆ ಲಿಂಕ್ ಒತ್ತದಿದ್ದರೆ ಖಾತೆ ನಿಲ್ಲುತ್ತದಂತೆ. ಕಳುಹಿಸಿದವರ ವಿಳಾಸ ಕಂಪನಿಯದಲ್ಲ, ಯಾವುದೋ ಬೇರೆ ಹೆಸರಿನದೆಂದು ಸೊಸೆ ಗೋಮತಿ ತೋರಿಸಿದರೂ ಅತ್ತೆ ಒಪ್ಪಲಿಲ್ಲ.

“ಸೆರಿ, ಮಾರಿಯಮ್ಮನ್ನೇ ಹೂ ಕೇಳೋಣ,” ಎಂದಳು.

ಬಿಳಿ ಹೂ ಬಂದರೆ ಒತ್ತಬಹುದು, ಕೆಂಪು ಬಂದರೆ ಕೂಡದು. ಗೋಮತಿಯೇ ಕಾಗದದಲ್ಲಿ ಎರಡು ಪೊಟ್ಟಣ ಕಟ್ಟಿ ದೇವರ ಪಟದ ಮುಂದಿಟ್ಟಳು. ಅತ್ತೆ ಕಣ್ಮುಚ್ಚಿ ಒಂದನ್ನು ಎತ್ತಿ ಬಿಡಿಸಿದಳು. ಕೆಂಪು ಕಣಗಿಲೆ. ಕೂಡಲೇ ಮೇಲ್ ಅಳಿಸಿದಳು.

ಉಳಿದ ಪೊಟ್ಟಣವನ್ನು ಗೋಮತಿ ಮೆಲ್ಲಗೆ ಸೆರಗಿನೊಳಗೆ ಸೇರಿಸುವಾಗ ರಾಮಾತಾಳ್ ಅವಳ ಕೈ ಹಿಡಿದಳು.

“ಅದರಲ್ಲೂ ಕೆಂಪೇ ಅಂತ ಗೊತ್ತು, ಅಮ್ಮಣಿ. ನಿನ್ನ ಮಾವನ್ನ ಕಟ್ಟಿಕೊಳ್ಳೋಕೆ ಹೂ ಕೇಳಿದಾಗ ನಾನೂ ಎರಡರಲ್ಲೂ ಬಿಳೀನೇ ಇಟ್ಟಿದ್ದೆ.”