ಬೇರಿಗಂಟಿದ ಮಣ್ಣು

ನನ್ನ ಹೆಂಡತಿ ಜಯಲಕ್ಷ್ಮಮ್ಮ ಯಾರಿಗೆ ಸಸಿ ಕೊಟ್ಟರೂ ಜೊತೆಗೊಂದು ಉಪದೇಶ ಪುಕ್ಕಟೆ. "ಬೇರಿನ ಮಣ್ಣ ಒದರ್ಬ್ಯಾಡಿ ಕಣ್ರವ್ವ. ತವ್ರು ಮಣ್ಣು ಜೊತೇಲಿದ್ರೆ ಸಸಿ ಅಳಾಕಿಲ್ಲ." ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಶಾಲೆಯಲ್ಲಿ ತಲೆಗೂದಲು ಬೆಳ್ಳಗಾಗುವವರೆಗೆ ಪಾಠ ಹೇಳಿದವನು ನಾನು. ಆದರೆ ಅರಕಲಗೂಡಿನ ನಮ್ಮ ಸುತ್ತಿನಲ್ಲಿ ಜನ ನೆನಪಿಟ್ಟುಕೊಂಡಿರುವುದು ಅವಳ ಪಾಠವನ್ನು.

ಊರಿಗೆ ಊರೇ ಶುಂಠಿ ಹಾಕಿದಾಗ ನಾವೂ ಮೇಲಿನ ಹೊಲಕ್ಕೆ ಹಾಕಿದೆವು. ಕೆರೆ ಏರಿಯ ಕೆಳಗಿನ ಅರ್ಧ ಎಕರೆಗೆ ಮಾತ್ರ ಅವಳು ಅಡ್ಡ ನಿಂತಳು. "ಇದೊಂದ್ರಲ್ಲಾದ್ರೂ ಎರೆಹುಳ ಬದುಕ್ಕಳ್ಲಿ" ಅಂದಳು. ಶುಂಠಿ ಒಂದಷ್ಟು ವರ್ಷ ಕೈ ತುಂಬ ಕೊಟ್ಟಿತು. ಆಮೇಲೆ ಆ ಮಣ್ಣು ಏನು ಹಾಕಿದರೂ ಮುಖ ತಿರುಗಿಸಿತು. ಅರ್ಧ ಎಕರೆಯ ಮಣ್ಣು ಮಾತ್ರ ಹಾಗೇ ಉಳಿಯಿತು. ಅಲ್ಲಿ ಅವಳದ್ದು ಮೆಣಸಿನಕಾಯಿ ಸಸಿ ಮಡಿ. ಊರೆಲ್ಲ ಅಲ್ಲಿಂದಲೇ ಸಸಿ ಒಯ್ಯುತ್ತಿತ್ತು.

ಹೋದ ವರ್ಷದ ಹಿಂದಿನ ವರ್ಷ ಮಳೆಗೆ ಹುಚ್ಚು ಹಿಡಿದಿತ್ತು. ದೀಪಾವಳಿ ಕಳೆದರೂ ಬಿಡಲಿಲ್ಲ. ಶುಂಠಿ, ಆಲೂಗೆಡ್ಡೆ, ಟೊಮೆಟೊ ಎಲ್ಲ ಹೊಲದಲ್ಲೇ ಕೊಳೆತು ನಾತ ಹೊಡೆದವು. ಜನ ಎಲ್ಲಿ ಹಾಕಿಯಾರು? ಹಳ್ಳಕ್ಕೆ ಸುರಿದರು. ಹಳ್ಳ ಅದನ್ನೆಲ್ಲ ಕೆರೆಗೆ ಸೇರಿಸಿತು. ಮರುವರ್ಷ ಮೋಡವೇ ಇಲ್ಲ, ಎಷ್ಟೋ ವರ್ಷದಿಂದ ಕಾಣದಿದ್ದ ಕೆರೆಯ ತಳ ಕಂಡಿತು. ಅತಿವೃಷ್ಟಿ, ಅನಾವೃಷ್ಟಿ ಅಂತ ಮಕ್ಕಳಿಗೆ ಬೇರೆ ಬೇರೆ ಪಾಠ ಮಾಡುತ್ತಿದ್ದೆ. ಈಗ ಎರಡೂ ಒಂದರ ಬೆನ್ನಿಗೊಂದು ಬರುತ್ತವೆ.

ಕೆರೆ ಒಣಗಿದರೆ ತಳದ ಗೋಡು ಮಣ್ಣನ್ನು ಹೊಲಕ್ಕೆ ಹೊಡೆಸುವುದು ನಮ್ಮಲ್ಲಿ ತಾತನ ಕಾಲದ ಪದ್ಧತಿ. ಬಡಕಲು ನೆಲಕ್ಕೆ ಅದೇ ಟಾನಿಕ್ಕು. ಊರಲ್ಲಿ ಮೊದಲ ಟ್ರ್ಯಾಕ್ಟರ್ ಲೋಡು ಬಂದದ್ದು ಜಯಲಕ್ಷ್ಮಿಯ ಅರ್ಧ ಎಕರೆಗೆ. ಕೆರೆಯ ನಡುವೆ ಇನ್ನೂ ಪಸೆ ಆರದ ಕಡೆಯಿಂದ ಆರಿಸಿ ತುಂಬಿಸಿದ್ದಳು. "ನೋಡಿ ಮೇಷ್ಟ್ರೇ, ಬೆಣ್ಣೆ ಇದ್ದಂಗದೆ" ಅಂತ ಅಂಗೈಲಿ ಹಿಡಿದು ತೋರಿಸಿದಳು. ನಾನೂ ಮೂಸಿ ನೋಡಿ ತಲೆದೂಗಿದೆ.

ಮುಂಗಾರಿಗೆ ಸಸಿಗಳು ಎಂದೂ ಇಲ್ಲದಷ್ಟು ಸೊಂಪಾಗಿ ಎದ್ದವು. ಬಂದವರಿಗೆಲ್ಲ ಕಿತ್ತು ಕೊಟ್ಟಳು. ಚನ್ನರಾಯಪಟ್ಟಣದ ಹತ್ತಿರ ಕೊಟ್ಟಿರುವ ಮಗಳು ಸ್ನೇಹಲತಾ ಬಂದು ಒಂದು ಮಂಕರಿ ತುಂಬಿಕೊಂಡು ಹೋದಳು. ಅವರ ಹೊಲ ಇಂದಿಗೂ ಶುಂಠಿ ಕಂಡಿಲ್ಲ. ಆ ಮಣ್ಣಿನ ಮೇಲೆ ನನ್ನ ಹೆಂಡತಿಗೆ ಅಳಿಯನ ಮೇಲಿರುವುದಕ್ಕಿಂತ ಅಭಿಮಾನ ಜಾಸ್ತಿ.

ಆಮೇಲೆ ನಮ್ಮ ಅರ್ಧ ಎಕರೆಯ ಗಿಡಗಳು ಮಧ್ಯಾಹ್ನ ತಲೆ ಬಗ್ಗಿಸತೊಡಗಿದವು. ಸಂಜೆಗೆ ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುತ್ತಿದ್ದವು. ಬಿಸಿಲಿಗೆ ಅಂದುಕೊಂಡೆವು. ವಾರದೊಳಗೆ ಸಂಜೆಯೂ ಏಳಲಿಲ್ಲ. ಎಲೆ ಹಸಿರು ಹಸಿರಾಗಿರುವಾಗಲೇ ಗಿಡಗಳು ಜೋತುಬಿದ್ದು ಸತ್ತವು.

ಒಂದು ಗಿಡ ಕಿತ್ತು ಅರಕಲಗೂಡಿನ ಗೊಬ್ಬರದಂಗಡಿ ಪರಮೇಶನ ಹತ್ತಿರ ಹೋದೆವು. ಅವನು ಕಾಂಡ ಕತ್ತರಿಸಿ, ಗಾಜಿನ ಲೋಟದ ನೀರಿಗೆ ತುದಿ ತಾಗಿಸಿ ಹಿಡಿದ. ಸ್ವಲ್ಪ ಹೊತ್ತಿಗೆ ಕಾಂಡದಿಂದ ಹಾಲಿನಂಥ ಎಳೆ ನೀರೊಳಗೆ ಇಳಿಯಿತು.

"ಸೊರಗು ರೋಗ ಕಣಮ್ಮ. ಆ ಬಿಳೀ ಎಳೆ ಎಲ್ಲಾ ಅದ್ರ ಕ್ರಿಮಿ. ಕೊಳೆತ ಮಾಲೆಲ್ಲ ಕೆರೆ ಸೇರಿತ್ತಲ್ಲ, ಗೋಡಿನ ಜೊತೇಲೇ ಬಂದದೆ."

"ಏನ್ ಔಸ್ದಿ ಒಡೀಬೇಕು ಏಳಪ್ಪ" ಎಂದಳು ಜಯಲಕ್ಷ್ಮಿ.

"ನನ್ ಅಂಗ್ಡೀಲಿ ಇದಕ್ಕೆ ಔಸ್ದಿ ಇಲ್ಲ. ಇದ್ದಿದ್ರೆ ಮಾರ್ದೆ ಬುಡ್ತಿದ್ನಾ?" ಎಂದು ನಕ್ಕ. ಅವಳ ಮುಖ ನೋಡಿ ನಗು ನುಂಗಿಕೊಂಡ. "ಮಣ್ಣೊಳಗೆ ಸೇರ್ಕಂಡ್ರೆ ವರ್ಸಾನುಗಟ್ಲೆ ಓಗಲ್ಲ ಕಣಮ್ಮ. ನೀರ್ ಅರಿದ ಕಡೆಗೆಲ್ಲ ಓಯ್ತದೆ. ಗಿಡದ್ ಬೇರಿನ ಮಣ್ಣಲ್ಲೂ ಓಯ್ತದೆ."

ಬೇರಿನ ಮಣ್ಣು ಎಂಬ ಮಾತಿಗೆ ಜಯಲಕ್ಷ್ಮಿ ನನ್ನ ತೋಳು ಹಿಡಿದುಕೊಂಡಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಬಂತು ಎಂದು ಕೇಳಿದರೆ ಹೇಳಲಾರೆ. ಮಳೆಯ ಮೇಲೆ ಸಿಟ್ಟು ಮಾಡಿಕೊಂಡವನಿಗೆ ಹುಚ್ಚ ಅನ್ನುತ್ತಾರೆ. ಹಳ್ಳಕ್ಕೆ ಸುರಿದವರಲ್ಲಿ ನಾನೂ ಒಬ್ಬ.

ಅಂಗಡಿಯ ಮೆಟ್ಟಿಲ ಮೇಲೆ ಕೂತೇ ಮಗಳಿಗೆ ಫೋನು ಮಾಡಿಸಿದಳು. ಸ್ಪೀಕರಿನಲ್ಲಿ ಸ್ನೇಹಲತಾಳ ದನಿ ಕುಣಿಯುತ್ತಿತ್ತು.

"ಅವ್ವ, ನೀನ್ ಏಳ್ದಂಗೇ ಒಂಚೂರೂ ಮಣ್ಣ ಒದರ್ದೆ ನೆಟ್ಟೆ ಕಣವ್ವ. ಎಲ್ಲಾ ಬೇರ್ ಇಡ್ಕಂಡವೆ. ಮಿಕ್ಕಿದ್ನ ಪಕ್ಕದ್ ಒಲದೋರ್ಗೂ ಕೊಟ್ಟೆ, ನಮ್ಮವ್ವನ್ ಸಸಿ ಅಂತ."

ಜಯಲಕ್ಷ್ಮಿ ಒಂದು ಸಲ ಕಣ್ಣು ಮುಚ್ಚಿದಳು. "ಮಧ್ಯಾನದೊತ್ತು ಎಂಗವೆ ಮಗ?"

"ಬಿಸ್ಲಿಗೆ ಒಸಿ ತಲೆ ಬಗ್ಗಿಸ್ತವೆ. ಸಂಜೆಗೆ ಎದ್ದು ಕುಂತ್ಕತವೆ. ಯಾಕವ್ವ?"

ಪರಮೇಶ ಲೋಟವನ್ನು ಮೆಲ್ಲಗೆ ಒಳಗಿಟ್ಟ.

"ಎಲ್ಲಾ ಕಿತ್ತು ಸುಟ್ಟಾಕು" ಎಂದಳು ಜಯಲಕ್ಷ್ಮಿ. ಯಾಕೆ ಎಂದು ಮಗಳು ಕೇಳಿದಳು, ಇವಳು ಹೇಳಿದಳು. ಎಲ್ಲವನ್ನೂ, ಒಂದನ್ನೂ ಮುಚ್ಚಿಡದೆ.

"ಅಪ್ಪ ಅಲ್ಲೇ ಅವ್ರಾ? ಅಪ್ಪ, ಗಿಡ ಕಿತ್ತಾಕಿದ್ರೆ ನಮ್ ಮಣ್ಣು ಮೊದ್ಲಿನಂಗೆ ಆಯ್ತದಾ?"

ಜಯಲಕ್ಷ್ಮಿ ಫೋನನ್ನು ನನ್ನ ಕೈಗೆ ಕೊಟ್ಟಳು. ಇಷ್ಟು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿಯೇ ಹೊಟ್ಟೆ ಹೊರೆದವನು ನಾನು.

"ಅಪ್ಪ?" ಅಂದಳು ಮಗಳು ಮತ್ತೊಮ್ಮೆ. ನಾನು ಫೋನನ್ನು ಪರಮೇಶನ ಕಡೆಗೆ ಚಾಚಿದೆ.