ಯಶೋಧರಾಳ ಐದು ಉಪಮೆ

ಯಶೋಧರಾಳ ಉತ್ತರಪತ್ರಿಕೆ ನೋಡಿದ ಕೂಡಲೇ ನನ್ನ ಮೂಗು ಚುರುಕಾಯಿತು. ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು ನಾನು. ಕಾಪಿ ಹೊಡೆದವರನ್ನು ವಾಸನೆಯಲ್ಲೇ ಹಿಡಿಯುತ್ತೇನೆಂಬ ಜಂಬ ಬೇರೆ. ಈಗ ರವೀಂದ್ರನಗರದ ಮನೆಯಿಂದ ವಾರಕ್ಕೆ ಮೂರು ಸಂಜೆ ಮಾಚೇನಹಳ್ಳಿಯಲ್ಲಿ ಕಬ್ಬಿಣ ಕರಗಿಸಿ ಅಚ್ಚಿಗೆ ಎರೆಯುವ ಫೌಂಡ್ರಿಯೊಂದಕ್ಕೆ ಹೋಗಿ ಕೆಲಸಗಾರರಿಗೆ ಇಂಗ್ಲಿಷ್ ಕಲಿಸುತ್ತೇನೆ. ಪಾಸಾದವರಲ್ಲಿ ಒಬ್ಬರಿಗೆ ಸೂಪರ್‌ವೈಸರ್ ಹುದ್ದೆ. ಭದ್ರಾವತಿಯಿಂದ ಬರುವ ಯಶೋಧರಾ ಅಲ್ಲಿ ಆರು ವರ್ಷದಿಂದ ಅಚ್ಚಿನ ಮರಳು ಹದ ಮಾಡುವವಳು. ಆ ಹುದ್ದೆಗಾಗಿ ಹಲ್ಲು ಕಚ್ಚಿ ಓದುತ್ತಿದ್ದಳು.

ಹತ್ತು ನುಡಿಗಟ್ಟುಗಳಿಗೆ ಅರ್ಥ ಬರೆಯಬೇಕಿತ್ತು. ಎಂಟು ತಪ್ಪು. 'ಅಂಡರ್ ದ ವೆದರ್' ಅಂದರೆ ಮಳೆಯಲ್ಲಿ ನೆನೆಯುವುದಂತೆ! ಮೈ ಹುಷಾರಿಲ್ಲದಿರುವುದು ಎಂದು ಎರಡು ಸಲ ಹೇಳಿಕೊಟ್ಟಿದ್ದೆ. ಅದೇ ಕೈ ಐದು ಉಪಮೆ ಬರೆದಿತ್ತು. ನಾನು ಬರೆಸಿದ್ದ ಪಟ್ಟಿಯ 'ಆಸ್ ಬ್ಯುಸಿ ಆಸ್ ಅ ಬೀ' ತರಹದ್ದು ಒಂದೂ ಇಲ್ಲ. ಅವಳು ಬರೆದದ್ದು ಇಂಥವು: 'ಕೆಂಪು ಆರಿದರೂ ಕೈ ಸುಡುವ ಕಬ್ಬಿಣದ ಹಾಗೆ ಅತ್ತೆ ಸುಮ್ಮನಿದ್ದರು.' 'ಪಾಳಿ ಮುಗಿದ ಕ್ಯಾಂಟೀನಿನಷ್ಟು ಖಾಲಿ ನನ್ನ ಭಾನುವಾರ.' ಪುಟ್ಟ ಪುಟ್ಟ ಇಂಗ್ಲಿಷ್ ವಾಕ್ಯ, ನಡುವೆ ಸ್ಪೆಲ್ಲಿಂಗ್ ತಪ್ಪು. ಆ ತಪ್ಪುಗಳೂ ಬೇಕೆಂದೇ ಮಾಡಿದ ಕಳ್ಳಾಟವೇ ಅನ್ನಿಸಿತು. ಈಗಿನ ಫೋನಿಗೆ 'ಫೌಂಡ್ರಿ' ಎಂದರೆ ಸಾಕು, ಬೇಕಾದ್ದು ಬರೆದುಕೊಡುತ್ತದೆ.

ಮರುದಿನ ಬೆಳಿಗ್ಗೆ ಫೌಂಡ್ರಿಯ ಮ್ಯಾನೇಜರ್ ವಿಜಯಕುಮಾರ್ ಫೋನ್ ಮಾಡಿದ. ಅವನು ನನ್ನ ಹಳೆಯ ಶಿಷ್ಯ. "ಯಶೋಧರಾ ಪಾಸಾದ್ರೆ ಅವಳಿಗೇ ಕೊಡೋಣ ಅಂತಿದೀವಿ ಸಾರ್."

"ಅವಳು ಬೇಡ ಮಾರಾಯ. ಕಾಪಿ ಹೊಡೆದಿದಾಳೆ."

ಸಂಜೆ ಕ್ಲಾಸು ಮುಗಿದ ಮೇಲೆ ಅವಳೊಬ್ಬಳನ್ನೇ ಎದುರಿಗೆ ಕೂರಿಸಿದೆ.

"ಫೋನ್ ಮೇಜಿನ ಮೇಲಿಡಮ್ಮ. ಅನುಮಾನದ ಬಗ್ಗೆ ಒಂದು ಉಪಮೆ ಬರಿ ನೋಡೋಣ."

ಅವಳು ನನ್ನ ಮುಖವನ್ನೊಮ್ಮೆ ನೋಡಿ, ತಲೆ ತಗ್ಗಿಸಿ ಬರೆದಳು. ನಾನು ಅವಳ ಬೆರಳುಗಳನ್ನೇ ಕಾಯುತ್ತಿದ್ದೆ. ಎರಡು ನಿಮಿಷವೂ ಆಗಲಿಲ್ಲ. ಅನುಮಾನ ನೀರು ಹೆಚ್ಚಾದ ಮರಳಿನ ಅಚ್ಚಿದ್ದ ಹಾಗೆ. ಅದರಲ್ಲಿ ಎರೆದದ್ದು ಹೊರಗೆ ನುಣ್ಣಗೆ, ಒಳಗೆಲ್ಲ ತೂತು. ಮತ್ತದೇ ಪುಟ್ಟ ಇಂಗ್ಲಿಷ್, ಮತ್ತದೇ ಸ್ಪೆಲ್ಲಿಂಗ್ ತಪ್ಪು.

"ಇದೆಲ್ಲಿ ಕಲ್ತೆ?"

"ದಿನಾ ಮರಳನ್ನ ಮುಷ್ಟೀಲಿ ಹಿಡಿದು ನೋಡ್ತೀನಲ್ಲ ಸಾರ್. ನುಡಿಗಟ್ಟು ಇಂಗ್ಲಿಷಿನವರು ಕಟ್ಟಿಟ್ಟಿದ್ದು, ಬಾಯಿಪಾಠಾನೇ ಮಾಡ್ಬೇಕು, ಉಪಮೆ ಯಾರು ಬೇಕಾದ್ರೂ ಹೊಸದಾಗಿ ಕಟ್ಬಹುದು ಅಂತ ನೀವೇ ಹೇಳಿದ್ರಿ. ಬಾಯಿಪಾಠಕ್ಕೆ ನಂಗೆ ಟೈಮೆಲ್ಲಿ?"

ಹೌದು, ನಾನೇ ಹೇಳಿದ್ದೆ. ಮೂವತ್ತೊಂದು ವರ್ಷ ಅದನ್ನೇ ಹೇಳಿ, ಪಟ್ಟಿಯಲ್ಲಿದ್ದ ಉಪಮೆಗೆ ಮಾತ್ರ ಮಾರ್ಕ್ಸ್ ಕೊಟ್ಟಿದ್ದೆ. ಅವಳೆದುರೇ ಸ್ಪೀಕರ್ ಹಾಕಿ ವಿಜಯಕುಮಾರನಿಗೆ ಫೋನ್ ಮಾಡಿದೆ.

"ತಪ್ಪು ನಂದೇ ಕಣಯ್ಯ. ಯಶೋಧರಾ ಕಾಪಿ ಹೊಡೆದಿಲ್ಲ, ಉಪಮೆ ಮಾರ್ಕ್ಸ್ ಸೇರಿದ್ರೆ ಪಾಸು."

"ಅಯ್ಯೋ ಸಾರ್, ಬೆಳಿಗ್ಗೆ ನೀವು ಬೇಡ ಅಂದ್ರಿ ಅಂತ ಮಧ್ಯಾಹ್ನಾನೇ ನಿಮ್ ಕ್ಲಾಸಿನ ಪರಶುರಾಮನಿಗೆ ಸೂಪರ್‌ವೈಸರ್ ಲೆಟರ್ ಕೊಟ್ವಲ್ಲ!"

ಯಶೋಧರಾ ಮೇಜಿನ ಮೇಲಿಂದ ತನ್ನ ಫೋನ್ ತೆಗೆದುಕೊಂಡಳು.

"ಬೆಳಿಗ್ಗೇನೇ ಹೇಳ್ಬಿಟ್ಟಿದ್ರಾ ಸಾರ್? ಮತ್ತೆ ಈಗ ನನ್ ಕೈಲಿ ಯಾಕೆ ಬರೆಸಿದ್ರಿ?"

ನೀನು ಸಿಕ್ಕಿಬೀಳುವುದನ್ನು ಕಣ್ಣಾರೆ ನೋಡಬೇಕಿತ್ತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.